ಲಾಲಿಪಾಪಿನ ಭಾನುವಾರ

ಏಪ್ರಿಲ್ 6, ಭಾನುವಾರ

ಮತ್ತೆ ಕಾರಿನ ಡಿಕ್ಕಿ ತುಂಬ ಕೆಸರು. ಮೈದಾನದಲ್ಲಿ ಗುರುತಿಗಿಡುವ ಕೋನ್, ಚೆಂಡಿನ ಚೀಲ, ಎಲ್ಲ ತೊಳೆದು ಗ್ಯಾರೇಜಿನಲ್ಲಿ ಒಣಹಾಕಿದೆ. ಡಿಗ್ರಿ ಮುಗಿಸಿ ಮನೆಗೆ ಬಂದಾಗಿನಿಂದ ಭಾನುವಾರವೆಂದರೆ ಇದೇ. ಅಪ್ಪ ಹತ್ತು ವರ್ಷದೊಳಗಿನ ಹುಡುಗಿಯರಿಗೆ ಫುಟ್‌ಬಾಲ್ ಕೋಚ್. ನಾನು ನೀರಿನ ಬಾಟಲಿ ಹೊತ್ತು ಗೆರೆಯಾಚೆ ನಿಲ್ಲುವುದು. ಮಾತಾಡಬೇಕಿಲ್ಲ. ಅದಕ್ಕೇ ಇಷ್ಟ.

ಮಾತೆಲ್ಲ ಅಪ್ಪನದು. "ವಿನ್ನಿ, ಕಾಲಲ್ಲಿ ಇಟ್ಕೋಬೇಡ, ಒದ್ದು ಆಚೆ ಕಳ್ಸು!"

ವಿನ್ನಿ ಆಗಸ್ಟ್ ಕೊನೆಯಲ್ಲಿ ಹುಟ್ಟಿದವಳು. ಅದೇ ತಂಡದ ಕೆಂಡ್ರಾ ಅದರ ಹಿಂದಿನ ಸೆಪ್ಟೆಂಬರಿನವಳು, ಸುಮಾರು ಒಂದು ವರ್ಷ ದೊಡ್ಡವಳು. ಲೀಗಿನ ಪ್ರಕಾರ ಇಬ್ಬರಿಗೂ ಒಂದೇ ವಯಸ್ಸು. ಪಕ್ಕದಲ್ಲಿ ನಿಂತರೆ ಒಂದು ತಲೆ ಎತ್ತರದ ವ್ಯತ್ಯಾಸ. ಇವತ್ತು ವಿನ್ನಿ ಐದು ಸಲ ಚೆಂಡು ಕಳೆದುಕೊಂಡಳು. ಕೊನೆಗೆ ಜರ್ಸಿಯ ತೋಳು ಕಚ್ಚಿಕೊಂಡು ನಿಂತುಬಿಟ್ಟಳು.

ಏಪ್ರಿಲ್ 9, ಸಂಜೆ

ಮುಂದಿನ ವರ್ಷ ಹುಡುಗಿಯರು ಮೇಲಿನ ವಯಸ್ಸಿನ ಗುಂಪಿಗೆ ಹೋಗುತ್ತಾರೆ, ಮೈದಾನ ದೊಡ್ಡದಾಗುತ್ತದೆ. ವಿನ್ನಿಯನ್ನು ತಂಡದಿಂದ ಕೈಬಿಡುತ್ತಾರಂತೆ. ಅಪ್ಪ ಟೋಸ್ಟಿನ ಮೇಲೆ ಬೀನ್ಸ್ ಹರಡುತ್ತ, ತಟ್ಟೆಯನ್ನೇ ನೋಡಿಕೊಂಡು ಹೇಳಿದರು. ಅವಳ ಅಜ್ಜಿಗೆ ಪತ್ರ ನಾನು ಬರೆಯಬೇಕು, ತಿಂಗಳ ಕೊನೆಯೊಳಗೆ.

"ನೀನು ಸಾಹಿತ್ಯ ಓದ್ದೋಳು. ನೋವಾಗದ ಹಾಗೆ ಬರೀತೀಯ."

ಹೇಳಬೇಕಿತ್ತು... ಅಪ್ಪ ಕೂಗಿದಾಗಲೆಲ್ಲ ವಿನ್ನಿ ತಲೆಯೆತ್ತಿ ಅವರ ಕಡೆ ನೋಡುತ್ತಾಳೆ. ಚೆಂಡು ಹೋಗುವುದು ಆ ಕ್ಷಣಕ್ಕೇ. ಐದಕ್ಕೆ ಐದು ಸಲವೂ. ತಟ್ಟೆ ತೊಳೆದೆ.

ಏಪ್ರಿಲ್ 23

ಪತ್ರ ನಾಲ್ಕು ಸಲ ಬರೆದು ಹರಿದೆ. ನಾಲ್ಕೂ ಚೆನ್ನಾಗಿದ್ದವು. ಕಷ್ಟ ಅದೇ: ಓದಿದವರು ತಪ್ಪೆಲ್ಲ ವಿನ್ನಿಯದೇ ಎಂದು ನಂಬಿಬಿಡುತ್ತಾರೆ.

ಅಪ್ಪ ಕಠಿಣ ಮನಸ್ಸಿನವರಲ್ಲ. ಚಳಿಗಾಲವಿಡೀ ತಮ್ಮ ಕೈಗವಸು ವಿನ್ನಿಗೆ ಕೊಟ್ಟು, ಜೇಬಲ್ಲಿ ಕೈಯಿಟ್ಟುಕೊಂಡು ಕೂಗಿದವರು.

ಏಪ್ರಿಲ್ 27, ಭಾನುವಾರ, ಮಧ್ಯಾಹ್ನ

ಇವತ್ತು ಲೀಗಿನ ಮೌನದ ಭಾನುವಾರ. ವರ್ಷಕ್ಕೊಮ್ಮೆ. ಗೆರೆಯಾಚೆ ಯಾರೂ ಬಾಯಿಬಿಡುವಂತಿಲ್ಲ, ಕೋಚ್ ಕೂಡ. ಚಪ್ಪಾಳೆ ಮಾತ್ರ. ಬಾಯಿ ಕಟ್ಟಲು ದೊಡ್ಡವರಿಗೆಲ್ಲ ಲಾಲಿಪಾಪ್. ಹಂಚುತ್ತಿದ್ದ ವಿನ್ನಿಯ ಅಜ್ಜಿ ಮಾರ್ಜರಿ ಅಪ್ಪನಿಗೆ ಎರಡು ಕೊಟ್ಟರು.

"ನಿಮ್ಗೆ ಒಂದು ಸಾಲಲ್ಲ, ಕ್ಲೈವ್."

ಮೊದಲ ಐದು ನಿಮಿಷ ಹುಡುಗಿಯರೆಲ್ಲ ನಮ್ಮ ಕಡೆಯೇ ನೋಡಿದರು. ಯಾರೂ ಏನೂ ಹೇಳಲಿಲ್ಲ. ಆಮೇಲೆ ವಿನ್ನಿ ನೋಡುವುದನ್ನೇ ಬಿಟ್ಟಳು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡಳು. ತಿರುಗಿದಳು, ಮತ್ತೆ ತಿರುಗಿದಳು, ತನಗಿಂತ ದೊಡ್ಡವರಿಬ್ಬರ ನಡುವೆ ನುಸುಳಿ ಕೆಂಡ್ರಾಗೆ ಕೊಟ್ಟಳು. ಕೆಂಡ್ರಾ ಹೊಡೆದದ್ದು ಕಂಬಕ್ಕೆ ಬಡಿಯಿತು. ಅಪ್ಪ ಬಾಯಲ್ಲಿದ್ದುದನ್ನು ಕಟಕಟ ಕಡಿದರು.

ಎರಡು ಗೋಲಿನಿಂದ ಸೋತೆವು. ಕಾರಿನಲ್ಲಿ ಕೂತ ಮೇಲೂ ಅಪ್ಪ ಕೀ ತಿರುಗಿಸಲಿಲ್ಲ.

"ಫ್ರಾನ್, ಆಮೇಲೆ ಅವ್ಳು ನನ್ ಕಡೆ ಒಂದ್ಸಲಾನೂ ನೋಡ್ಲಿಲ್ಲ."

"ಹೂಂ."

"ನಿಂಗೆ ಮೊದ್ಲೇ ಗೊತ್ತಿತ್ತಾ?"

ಕಿಟಕಿಯ ಕಡೆ ತಿರುಗಿಕೊಂಡೆ. ಗೊತ್ತಿತ್ತು ಎಂದೆ.

"ಹೇಳೋದಲ್ವೇನಮ್ಮ?"

"ನೀವು ಕೂಗ್ತಾ ಇದ್ರಿ, ಅಪ್ಪ."

ಏಪ್ರಿಲ್ 30, ಸಂಜೆ

ವಿನ್ನಿ ತಂಡದಲ್ಲೇ ಇರುತ್ತಾಳೆ. ಆದರೂ ಪತ್ರ ಬೇಕಂತೆ — ಬೇರೆಯದು, ಇಷ್ಟು ದಿನ ಕೂಗಿದ್ದಕ್ಕೆ ಕ್ಷಮೆ ಕೇಳಿ. ಅಪ್ಪ ಅದನ್ನು ತಾವೇ ಬರೆಯುತ್ತಾರಂತೆ.

ಅಡುಗೆಮನೆಯ ಮೇಜು. ಎದುರುಬದುರು ಕೂತಿದ್ದೇವೆ. 'ಪ್ರಿಯ ವಿನ್ನಿ' ಎಂದು ಬರೆದು ಹತ್ತು ನಿಮಿಷವಾಯಿತು. ಈಗ ತಲೆಯೆತ್ತಿ ನನ್ನ ಕಡೆ ನೋಡಿದರು. ಉಳಿದಿದ್ದ ಇನ್ನೊಂದು ಲಾಲಿಪಾಪನ್ನು ಬಾಯಿಗೆ ಹಾಕಿಕೊಂಡೆ.

ನಕ್ಕರು. ತಲೆ ತಗ್ಗಿಸಿದರು. ಪೆನ್ನು ಮೆಲ್ಲಗೆ ಓಡತೊಡಗಿತು.