ಪಲ್ಪರ್ ಓಡುವಾಗ ಬಂದು ಕೇಳಿ

ಅಮ್ಮಾ,

ಹೇಗಿದ್ದೀಯ ಎಂದು ಕೇಳುವ ತಾಳ್ಮೆ ಇವತ್ತು ನನಗಿಲ್ಲ. ಕೋಪದಲ್ಲೇ ಬರೆಯುತ್ತಿದ್ದೇನೆ. ನಿನ್ನ ಅಳಿಯ ಕೊಟ್ಟಿಗೆಹಾರದ ಅಂಗಡಿಗೆ ಹೋಗಿದ್ದಾರೆ, ನಿನ್ನ ಮೊಮ್ಮಗಳು ಇದೇ ನಿನ್ನ ಮನೆಯಲ್ಲಿ, ತೊಟ್ಟಿಲಲ್ಲಿ ಮಲಗಿದ್ದಾಳೆ. ಮಗು ಮಲಗಿದಾಗ ನೀನೂ ಮಲಗು ಎಂದು ನೋಡಿದವರೆಲ್ಲ ಹೇಳುತ್ತಾರೆ. ಹೇಗೆ ಮಲಗಲಿ? ಮೂರು ವಾರದಿಂದ ಕಣ್ಣು ಮುಚ್ಚಿದರೆ ಪಂಚಾಯಿತಿ ಮೇಜಿನ ಮೇಲಿದ್ದ ಆ ರಿಪೋರ್ಟೇ ಕಾಣುತ್ತದೆ. ಅದರಲ್ಲಿ ನೀನು ಹೇಳದ ಮಾತನ್ನು ನೀನು ಹೇಳಿದೆ ಎಂದು ಬರೆದಿದ್ದಾರೆ. ಬರೆದಿದ್ದಾರೆ ಅಂದರೆ... ಇರು, ಮೊದಲಿಂದ ಹೇಳುತ್ತೇನೆ.

ಡಿಗ್ರಿ ಮುಗಿಸಿದ ವರ್ಷ ನಾನು ಆ ಸರ್ವೆ ಕೆಲಸಕ್ಕೆ ಸೇರಿದ್ದು ನೆನಪಿದೆಯಾ? ಎಲ್ಲಿಯದೋ ದೊಡ್ಡ ವಿಶ್ವವಿದ್ಯಾಲಯದವರು, ಕಾಫಿ ಸೀಮೆಯ ಕೂಲಿಯವರ ದುಡಿಮೆ, ಆರೋಗ್ಯ, ಕುಡಿಯುವ ನೀರು ಎಂದು ಸಂಶೋಧನೆ ಮಾಡಲು ಬಂದವರು. ಚಿಕ್ಕಮಗಳೂರಿನಲ್ಲಿ ಎರಡು ದಿನ ತರಬೇತಿ ಕೊಟ್ಟರು. ‘ಪ್ರಶ್ನೆ ಹೇಗಿದೆಯೋ ಹಾಗೇ ಓದಿ, ನಿಮ್ಮ ಕಡೆಯಿಂದ ಒಂದಕ್ಷರವನ್ನೂ ಸೇರಿಸಬೇಡಿ’ ಎಂದು ಸಂಶೋಧನೆ ನಡೆಸುತ್ತಿದ್ದ ಸಾರ್ ಹೇಳಿದಾಗ ಏನು ಹೆಮ್ಮೆಯಿಂದ ತಲೆಯಾಡಿಸಿದ್ದೆ ನಾನು! ಮನೆಗೆ ಬಂದಾಗ ನೀನು ನನ್ನ ಕೊರಳಿನ ಐಡಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಫೋಟೋದಲ್ಲಿ ಯಾಕೆ ಬೈಸ್ಕೊಂಡೋಳ ಹಂಗೆ ಇದೀಯ?’ ಅಂದಿದ್ದೆ. ಆಮೇಲೆ ಪಕ್ಕದ ಮನೆ ಗಿರಿಜಕ್ಕನಿಗೂ ಕರೆದು ತೋರಿಸಿದೆ.

ಹಳ್ಳದ ಪಕ್ಕದ ಮನೆಗಳಲ್ಲಿ ಅವರ ಪಟ್ಟಿಗೆ ಬಂದದ್ದು ನಮ್ಮದೊಂದೇ; ಅದರ ಸರದಿ ಬಂದ ದಿನ ಜೋರು ಮಳೆ. ನನ್ನ ಜೊತೆ ಬಂದಿದ್ದ ಸೂಪರ್‌ವೈಸರ್ ಜಗಲಿಯಲ್ಲಿ ಕೂತು, ‘ನಿಮ್ಮನೇನೇ ಬಂತಲ್ರೀ, ಬೇಗ ಮುಗೀತದೆ ಬಿಡಿ’ ಎಂದು ನಕ್ಕರು. ನೀನು ಸೀರೆಯ ಸೆರಗು ಸರಿಮಾಡಿಕೊಂಡು, ಪರೀಕ್ಷೆಗೆ ಕೂತವಳ ಹಾಗೆ ನನ್ನೆದುರು ಕೂತೆ. ನಾನು ಟ್ಯಾಬ್ ನೋಡಿಕೊಂಡು ಓದಿದೆ: ‘ಕಳೆದ ಮೂವತ್ತು ದಿನಗಳಲ್ಲಿ ನೀವು ಕುಡಿಯುವ ನೀರಿನಲ್ಲಿ ಕೆಟ್ಟ ವಾಸನೆ ಅಥವಾ ಬಣ್ಣ ಕಂಡುಬಂದಿದೆಯೇ?’

‘ಮೂವತ್ತು ದಿನ ಅಂದ್ರೆ ಹೆಂಗೆ ಮಾರಾಯ್ತಿ?’ ಅಂದೆ ನೀನು. ‘ಈಗ ಮಳೆ ಹೊಡೀತಾ ಇದೆ, ಬಾವಿ ಬಾಯಿ ತನಕ ತುಂಬಿದೆ. ಈಗೆಂಥ ವಾಸ್ನೆ? ಪಲ್ಪರ್ ಓಡುವಾಗ ಬಂದು ಕೇಳಿ. ಹಣ್ಣು ಕೊಳೆತ ವಾಸ್ನೆಗೆ ಕೊಡಪಾನ ಎತ್ತಕ್ಕಾಗಲ್ಲ ಅಂತ ಬರ್ಕೊ.’

‘ಅಮ್ಮ, ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಹೇಳು.’

‘ನಂಗೇನು ಕೇಳ್ತೀಯ? ನೀನು ಆ ನೀರೇ ಕುಡ್ದು ಬೆಳ್ದೋಳಲ್ವಾ?’

ಹೌದಮ್ಮ, ಆ ನೀರೇ ಕುಡಿದು ಬೆಳೆದವಳು. ಕೊಯ್ಲು ಶುರುವಾದರೆ ಮೇಲಿನ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಓಡುತ್ತದೆ, ತೊಳೆದ ನೀರೆಲ್ಲ ಚರಂಡಿಯಲ್ಲಿ ಇಳಿದು ನಮ್ಮ ಹಳ್ಳಕ್ಕೆ ಸೇರುತ್ತದೆ, ಹಳ್ಳದಿಂದ ನಮ್ಮ ಬಾವಿಗೆ. ಶಾಲೆಗೆ ಹೋಗುವಾಗ ಆ ತಿಂಗಳುಗಳಲ್ಲಿ ನಾನು ಬಾಟಲಿ ಒಯ್ಯುತ್ತಲೇ ಇರಲಿಲ್ಲ, ಮುಚ್ಚಳ ತೆಗೆದರೆ ಪಕ್ಕದವರು ಮೂಗು ಮುಚ್ಚುತ್ತಾರೆಂದು. ಇಷ್ಟೆಲ್ಲ ಗೊತ್ತಿದ್ದವಳು ನಾನು. ಸೂಪರ್‌ವೈಸರ್ ವಾಚು ನೋಡಿಕೊಂಡರು. ಟ್ಯಾಬಿನಲ್ಲಿ ಎರಡೇ ಗುಂಡಿ. ನಿನ್ನ ಮಾತು ಬರೆಯಲು ಜಾಗವೇ ಇರಲಿಲ್ಲ. ನಾನು ‘ಇಲ್ಲ’ ಒತ್ತಿದೆ.

‘ಬರ್ಕೊಂಡ್ಯಾ?’ ಅಂತ ಕೇಳಿದೆ ನೀನು.

‘ಹೂಂ, ಬರ್ಕೊಂಡೆ’ ಅಂದೆ.

ಇದನ್ನೇ ನಿನಗೆ ಹೇಳದೆ ಇಟ್ಟುಕೊಂಡಿದ್ದು. ನಾನು ಬರೆದುಕೊಂಡಿರಲಿಲ್ಲ ಅಮ್ಮ.

ಆ ಸಲ ಕೊಯ್ಲು ಶುರುವಾಗಿ ಬಾವಿ ವಾಸನೆ ಹೊಡೆಯತೊಡಗಿದಾಗ ಹಿತ್ತಲಿನಲ್ಲಿ ನೀನು ಗಿರಿಜಕ್ಕನಿಗೆ ಹೇಳುತ್ತಿದ್ದದ್ದು ಒಳಗಿದ್ದ ನನಗೆ ಕೇಳಿಸಿತ್ತು. ‘ಇದೊಂದು ವರ್ಷ ತಡ್ಕೊ ಗಿರಿಜಾ. ನಮ್ ಹುಡುಗಿ ಎಲ್ಲಾ ಬರ್ಕೊಂಡು ಹೋಗಿದಾಳೆ. ಓದಿದೋರು ನೋಡ್ತಾರೆ.’ ನಾನು ಹೊರಗೆ ಬಂದು ಬಾಯಿ ಬಿಡಬಹುದಿತ್ತು. ಬಿಟ್ಟೆನಾ? ಇಲ್ಲ. ಒಲೆಯ ಮುಂದೆ ಕೂತು ಊದುತ್ತಲೇ ಇದ್ದೆ. ಮುಂದಿನ ಮಳೆಗಾಲದಲ್ಲಿ ನೀನು ಒಂದು ಬೆಳಿಗ್ಗೆ ಕುಸಿದು ಬಿದ್ದೆ, ಮೂಡಿಗೆರೆ ಆಸ್ಪತ್ರೆ ತಲುಪುವಷ್ಟರಲ್ಲಿ... ಆಗ ನಾನು ಮೂರು ತಿಂಗಳ ಬಸುರಿ. ಕೊನೆಯವರೆಗೂ ನೀನು ಆ ಓದಿದವರು ಬರುತ್ತಾರೆಂದೇ ನಂಬಿದ್ದೆ.

ಅವರು ಬರಲಿಲ್ಲ, ಅವರ ರಿಪೋರ್ಟು ಬಂತು. ಮೂರು ವಾರದ ಹಿಂದೆ ಮಗುವನ್ನು ಎತ್ತಿಕೊಂಡು ಪಂಚಾಯಿತಿಗೆ ಹೋಗಿದ್ದೆ. ಮೇಲಿನ ಬೋರ್‌ವೆಲ್‌ನಿಂದ ಪೈಪ್ ಎಳೆದು ಮನೆಗಳಿಗೆ ನಲ್ಲಿ ಹಾಕುವ ಪಟ್ಟಿಯಲ್ಲಿ ಹಳ್ಳದ ಪಕ್ಕದ ನಮ್ಮ ಹತ್ತು ಹನ್ನೆರಡು ಮನೆಗಳನ್ನು ಬಿಟ್ಟಿದ್ದರು. ಯಾಕೆ ಎಂದು ಕೇಳಿದರೆ ಪಿಡಿಒ ಸಾಹೇಬರು ದಪ್ಪನೆಯ ಪುಸ್ತಕ ತೆಗೆದು, ‘ನಿಮ್ ಕಡೆ ನೀರಿಗೆ ತೊಂದ್ರೆ ಇಲ್ಲ ಅಂತ ಇದ್ರಲ್ಲೇ ಇದೆಯಲ್ಲಮ್ಮ. ಸುಮ್ನೆ ಬರ್ದಿಲ್ಲ, ಮನೆ ಮನೆಗೆ ಹೋಗಿ ಕೇಳಿ ಬರ್ದಿದ್ದಾರೆ’ ಅಂದರು. ಮನೆ ಮನೆಗೆ ಹೋದವಳು ಅವರೆದುರಿಗೇ ನಿಂತಿದ್ದೆ! ಪುಸ್ತಕದ ಒಳಗೆ ನಿನ್ನ ಫೋಟೋ ಇದೆ ಅಮ್ಮ, ಅವತ್ತು ಮಳೆ ಬಿಟ್ಟಾಗ ಸೂಪರ್‌ವೈಸರ್ ತೆಗೆದದ್ದು. ಬಾವಿಕಟ್ಟೆಯ ಹತ್ತಿರ ಹಗ್ಗ ಹಿಡಿದು ನಗುತ್ತಿದ್ದೀಯ. ಕೆಳಗೆ ‘ನೀರು ಸೇದುತ್ತಿರುವ ಮಹಿಳೆ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ನಿನ್ನ ಹೆಸರು ಕೇಳುವ ಪ್ರಶ್ನೆ ಮಾತ್ರ ಅವರಲ್ಲಿ ಇರಲಿಲ್ಲವಾ? ಮನೆಯಲ್ಲಿ ಎಷ್ಟು ಕೋಳಿ ಇವೆ ಎಂದು ಕೂಡ ಕೇಳಿಸಿದ್ದರಲ್ಲ ನನ್ನ ಬಾಯಿಂದ!

ಮನೆಗೆ ಬಂದು ತರಬೇತಿ ಕೊಟ್ಟಿದ್ದ ಆ ಸಾರ್‌ಗೆ ಫೋನ್ ಮಾಡಿದೆ. ನನ್ನ ಗುರುತು ಹಿಡಿದರು, ಮದುವೆಯಾಯಿತಾ ಎಂದು ವಿಚಾರಿಸಿದರು. ಪಲ್ಪರ್ ನೀರಿನ ವಿಷಯ ಹೇಳಿದೆ. ‘ನೋಡಿ, ನಾವು ಹೋಗಿದ್ದು ಮಳೆಗಾಲದಲ್ಲಿ. ಅದನ್ನ ಕೊನೆಯಲ್ಲಿ ಅಧ್ಯಯನದ ಮಿತಿಗಳು ಅಂತ ಹಾಕಿದ್ದೀವಲ್ಲ’ ಅಂದರು.

‘ಆ ಮಿತಿಯನ್ನ ನನ್ನ ಮಗು ಕುಡೀಬೇಕು ಸಾರ್’ ಅಂದೆ.

‘ನಿಮ್ಮ ಭಾವನೆ ಅರ್ಥ ಆಗುತ್ತೆ’ ಅಂದರು. ನನ್ನ ಭಾವನೆ ಯಾರಿಗೆ ಬೇಕಿತ್ತು? ನಾನು ಹೇಳಿದ್ದು ನೀರಿನ ವಿಷಯ. ಅವರ ಪ್ರಬಂಧ ಓದಲು ಯಾವ ಯಾವ ದೇಶದವರೋ ಕರೆಯುತ್ತಾರಂತೆ. ಅಲ್ಲಿ ಯಾರಾದರೂ ಒಬ್ಬರು ಎದ್ದು, ಆ ಊರಿನಲ್ಲಿ ಕಾಫಿ ಕೊಯ್ಯುವುದು ಯಾವ ತಿಂಗಳು ಸ್ವಾಮಿ ಎಂದು ಕೇಳಿದ್ದರೆ ಸಾಕಿತ್ತು! ಬಡವರ ಬಗ್ಗೆ ಓದಲು ಬಂದವರು ಬಡವರ ಕ್ಯಾಲೆಂಡರನ್ನೇ ನೋಡಲಿಲ್ಲ. ನಾನು ನೋಡಿದ್ದವಳು. ಬಾಯಿ ಮುಚ್ಚಿಕೊಂಡಿದ್ದೆ. ಯಾರ ಮೇಲೆ ಹೆಚ್ಚು ಕೋಪ ಎಂದು ಕೇಳಬೇಡ.

ಕಳೆದ ಕೊಯ್ಲಿನಲ್ಲಿ ಹುಟ್ಟಿದವಳಿಗೆ ಎದೆಹಾಲು ಇತ್ತು. ಈ ಸಲ ಹಾಗಲ್ಲ, ಗಂಜಿ ಕುಡಿಯುತ್ತಾಳೆ, ಲೋಟ ಕಂಡರೆ ಕೈ ಚಾಚುತ್ತಾಳೆ. ಕುದಿಸಿದರೆ ಸಾಕೇ, ಸೋಸಿದರೆ ಸಾಕೇ, ವಾಸನೆ ಹೋದರೆ ಒಳಗಿನದೂ ಹೋಗುತ್ತದೆಯೇ? ಯಾರೂ ಹೇಳುವುದಿಲ್ಲ. ಪರೀಕ್ಷೆ ಮಾಡಿದ್ದರೆ ತಾನೇ ಹೇಳುವುದು?

ನಿನ್ನೆ ಗ್ರಾಮಸಭೆ ಇತ್ತು. ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಎದ್ದು ನಿಂತೆ. ‘ಆ ರಿಪೋರ್ಟಲ್ಲಿ ನಮ್ಮನೆ ನೀರು ಚೆನ್ನಾಗಿದೆ ಅಂತ ಒತ್ತಿದವಳು ನಾನೇ. ಅದು ತಪ್ಪು. ನಮ್ಮಮ್ಮ ಹೇಳಿದ್ದು ಬೇರೆ’ ಅಂದೆ. ಮುಂದಿನ ಸಾಲಿನಲ್ಲಿದ್ದ ಗಿರಿಜಕ್ಕ ತಿರುಗಿ ನೋಡಿದರು.

‘ಹಂಗಾದ್ರೆ ಅವತ್ತು ನಿನ್ನಮ್ಮನಿಗೆ ಸುಳ್ ಹೇಳಿದ್ಯಾ?’

‘ಹೌದು ಗಿರಿಜಕ್ಕ.’

‘ಎರಡು ಸುಗ್ಗಿ ನಾವು ಕಾದಿದ್ದು ನಿನ್ ಸುಳ್ಳಿಗಾ? ಥೂ!’

ಅಷ್ಟೂ ಜನರ ಮುಂದೆ. ನಾನು ಕೂರಲಿಲ್ಲ. ಆಮೇಲೆ ಅವರೇ ಎದ್ದು ಪಿಡಿಒ ಕಡೆ ಕೈ ತೋರಿಸಿದರು. ‘ಕೇಳಿಸ್ತಲ್ಲ ಸಾರ್? ಸಾಯೋ ತನಕ ಆ ಹೆಂಗಸು ಹೇಳ್ತಿದ್ದದ್ದು ಇದನ್ನೇ. ಈಗ ಬರ್ಕೊಳ್ಳಿ.’ ಸಾಹೇಬರು ‘ಆಮೇಲೆ ಬರೀತೀವಮ್ಮ, ಪಾಯಿಂಟ್ ನೋಟ್ ಮಾಡ್ಕೊಂಡಿದೀನಿ’ ಅಂದರು. ‘ಆಮೇಲೆ ಎಲ್ಲ ಬೇಡ, ನಮ್ಗೆ ಓದಿ ಹೇಳಿ’ ಅಂತ ಗಿರಿಜಕ್ಕ ಪಟ್ಟು ಹಿಡಿದರು. ಅವರ ಹಿಂದೆ ಹಳ್ಳದ ಕಡೆಯ ಹೆಂಗಸರೆಲ್ಲ ಎದ್ದರು. ಸಾಹೇಬರು ನಡಾವಳಿ ಪುಸ್ತಕ ಬಿಡಿಸಿದರು. ನಾನು ಹೇಳುತ್ತಾ ಹೋದೆ, ಅವರು ಬರೆದರು: ಪಲ್ಪರ್ ಓಡುವ ತಿಂಗಳಲ್ಲಿ ಬಂದು ಬಾವಿ ನೀರನ್ನು ಪರೀಕ್ಷೆ ಮಾಡಿಸಬೇಕು, ಅಲ್ಲಿಯವರೆಗೆ ನಲ್ಲಿಯ ಪಟ್ಟಿಯನ್ನು ಅಂತಿಮಗೊಳಿಸಕೂಡದು. ಇದನ್ನು ಮೊದಲು ಹೇಳಿದವರು ಎಂದು ನಿನ್ನ ಹೆಸರನ್ನೂ ಬರೆಸಿದೆ. ಸತ್ತವರ ಹೆಸರು ಹಾಕಲು ಬರುವುದಿಲ್ಲ ಅಂದರು. ‘ಫೋಟೋ ಹಾಕೋಕೆ ಬರುತ್ತಾ?’ ಅಂತ ಕೇಳಿದೆ. ಬರೆದರು. ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿದೆವು.

ಗಿರಿಜಕ್ಕ ನನ್ನ ಜೊತೆ ಇನ್ನೂ ಮಾತಾಡಿಲ್ಲ. ನಲ್ಲಿ ಬರುತ್ತದೆಂದು ಈ ಸಲ ನಾನು ಯಾರಿಗೂ ಹೇಳುತ್ತಿಲ್ಲ. ನಿನ್ನ ಹತ್ತಿರ ಕ್ಷಮೆಯನ್ನೂ ಈಗ ಕೇಳುವುದಿಲ್ಲ ಅಮ್ಮ. ಇವಳ ಲೋಟಕ್ಕೆ ಒಳ್ಳೆಯ ನೀರು ಬಿದ್ದ ದಿನ ಕೇಳುತ್ತೇನೆ. ಅಲ್ಲಿಯವರೆಗೆ ನೀನು ನನ್ನ ಮೇಲೆ ಸಿಟ್ಟಾಗಿಯೇ ಇರು.

ನಿನ್ನ ಮಗಳು