ಬಾಲಮಣೆಯಲ್ಲಿ ಕೂತು ಗೆದ್ದ ಹೆಸರು

ಕೆಂಪೂರು, ಮಂಗಳಗ್ರಹ
ಇಪ್ಪತ್ತೊಂದನೆಯ ತಿಂಗಳ ಐದನೇ ದಿನ; ನಿಮ್ಮ ಎಣಿಕೆಯಲ್ಲಿ ೨೩೧೪

ಎಷ್ಟೋ ತಲೆಮಾರು ಹಿಂದಿನ ನನ್ನ ಅಜ್ಜಿಗೆ ಶರಣು.

ನೀನಿನ್ನೂ ವಿಜಯಪುರದ ಹಾಸ್ಟೆಲ್ಲಿನಲ್ಲಿ ಓದುವ ಹುಡುಗಿ. ಅಜ್ಜಿ ಎಂದದ್ದಕ್ಕೆ ಸಿಟ್ಟಾಗಬೇಡ. ನನ್ನ ಮಾತು ವಿಚಿತ್ರವೆನಿಸಿದರೆ ಅದನ್ನೂ ಹೊಟ್ಟೆಗೆ ಹಾಕಿಕೋ. ಗೆಳತಿಯರೊಡನೆ ನೀನು ಆಡುವ ಪೋಕರ್ ನಮ್ಮ ಮನೆತನದಲ್ಲಿ ಇನ್ನೂ ನಡೆದಿದೆ. ಆ ಸಂತೋಷಕ್ಕೇ ಈ ಪತ್ರ.

ನಾವಿರುವುದು ಗಾಳಿಗುಮ್ಮಟದಲ್ಲಿ, ಅಂದರೆ ಉಸಿರಾಡುವ ಗಾಳಿಯನ್ನು ಹಿಡಿದಿಟ್ಟ ಗಾಜಿನ ಸೂರಿನಡಿ. ಒಳಗೇ ಜೋಳ ಬೆಳೆಯುತ್ತೇವೆ, ರೊಟ್ಟಿ ಬಡಿಯುತ್ತೇವೆ. ಇಲ್ಲಿ ಎಲ್ಲವೂ ಹಗುರ. ಜೋರಾಗಿ ಬಡಿದರೆ ರೊಟ್ಟಿಯ ಜೊತೆ ನಾವೂ ಮೇಲೇಳುತ್ತೇವೆ. ಕೂಸಿಗೆ ಹೆಸರಿಡುವುದು ನಿಮ್ಮಲ್ಲಿ ಸೋದರತ್ತೆಯ ಹಕ್ಕಲ್ಲವೇ? ಇಲ್ಲಿ ಸೋದರಮಾವನೂ ಪಾಲು ಕೇಳುತ್ತಾನೆ. ಹಾಗಾಗಿ ತೊಟ್ಟಿಲ ಪಕ್ಕದಲ್ಲೇ ಪೋಕರ್ ಆಟ. ಮಲಗಿದ ಕೂಸು ಏಳುವ ಹೊತ್ತಿಗೆ ಯಾರ ಮುಂದೆ ಪಣದ ಹುಣಸೆಬೀಜ ಹೆಚ್ಚಿರುತ್ತವೋ ಅವರಿಟ್ಟದ್ದೇ ಹೆಸರು.

ಇವತ್ತು ನನ್ನ ತಮ್ಮನ ಮಗಳ ತೊಟ್ಟಿಲು. ಅವಳ ಸೋದರಮಾವ ಈರಸಂಗಪ್ಪ ‘ಆಮ್ಲಜನಿ’ ಎಂದು ಹೆಸರಿಡಲು ಹೊಂಚುಹಾಕಿದ್ದ. ಉಸಿರುಗಾಳಿಯ ಹೆಸರು ಈಗಿನ ಶೋಕಿ. ಥೂ, ಅದೇನು ಕೂಸೋ ಸಿಲಿಂಡರೋ! ನನಗೆ ನಮ್ಮ ಹಿರಿಯರ ಹೆಸರೇ ಬೇಕಿತ್ತು. ಆದರೆ ಆ ಪುಣ್ಯಾತ್ಮ ಬೀಜದ ಲೆಕ್ಕದಲ್ಲಿ ನನಗಿಂತ ತುಸು ಮುಂದಿದ್ದ.

ಆಗ ನನಗೆ ಬಾಲಮಣೆ ಬಂತು. ಎಲ್ಲರಿಗೂ ಸೇರಿದ ನಡುವಿನ ಇಸ್ಪೀಟೆಲೆಗಳು ತೆರೆದ ಮೇಲೆ ಎಲ್ಲರಿಗಿಂತ ಕೊನೆಗೆ ಆಡುವ ಜಾಗವದು. ನನ್ನ ಮುಂಚಿನ ಮಣೆ ಅವನದು. ಮಿಕ್ಕವರು ಕೈಬಿಟ್ಟು ಎಲೆ ಎಸೆದರೆ ಸಾಕು, ಕೈಯಲ್ಲಿ ಕಸವಿದ್ದರೂ ಬೀಜ ಏರಿಸುವುದು ಅವನ ಚಾಳಿ. ಏರಿಸಿದ. ನಡುವಿನ ಎಲೆ ಇನ್ನೂ ಒಂದೂ ತೆರೆದಿರಲಿಲ್ಲ. ನನ್ನಲ್ಲಿದ್ದದ್ದು ಕಳಾವರ್ ಎಕ್ಕ, ಕಳಾವರ್ ಐದು. ದೊಡ್ಡ ಕೈಯೇನಲ್ಲ. ಆದರೆ ಒಂದು ಎಕ್ಕ ನನ್ನಲ್ಲಿದ್ದ ಮೇಲೆ ಅವನಲ್ಲಿ ಎಕ್ಕದ ಜೋಡಿ ಇರುವುದು ಅಪರೂಪ. ಅವನು ಬಿಡದೆ ಆಡಿದರೂ ಮುಂದಿನ ಪ್ರತಿ ಸರದಿಯಲ್ಲಿ ಕೊನೆಯ ಮಾತು ನನ್ನದೇ. ಅವನಿಟ್ಟದ್ದರ ಮೂರರಷ್ಟು ಇಟ್ಟೆ. ಇದಕ್ಕೆ ನಾವು ಮರುಏರು ಎನ್ನುತ್ತೇವೆ. ಎಲೆ ನೋಡುವ ಮೊದಲೇ ಕಡ್ಡಾಯದ ಬೀಜ ಕಟ್ಟಿದ್ದ ಅತ್ತಿಗೆಯರಿಬ್ಬರೂ ಎಲೆ ಕೆಳಗಿಟ್ಟರು.

“ಏನ್ ಬೀಗತಿ, ಜೋಡಿ ರಾಜಾ ಬಂದಾವೇನ?” ಎಂದ ಈರಸಂಗಪ್ಪ.

“ಬೀಜಾ ಹಾಕಿ ನೋಡ್ರಿ ಬೀಗ್ರ, ತಿಳಿತೈತಿ” ಎಂದೆ.

ಅವನು ಮೀಸೆ ತಿರುವಿದ, ತೊಟ್ಟಿಲ ಕಡೆ ನೋಡಿದ. “ಹೋಗ್ಲಿ ತಗೋ, ಇನ್ನೂ ಆಟ ಭಾಳ ಐತಿ” ಎನ್ನುತ್ತ ಎಲೆ ಎಸೆದ. ಕಟ್ಟಿದ್ದ ಬೀಜವೆಲ್ಲ ನನ್ನದಾಗಿ, ಎಣಿಕೆಯಲ್ಲಿ ನಾನೇ ಮುಂದಾದೆ. ಇಲ್ಲಿ ಎಲೆ ನೆಲ ಮುಟ್ಟಲು ಹೊತ್ತು ಹಿಡಿಯುತ್ತದೆ. ಅವು ಗಾಳಿಯಲ್ಲಿರುವಾಗಲೇ ಕೂಸು ಕಿಟಾರನೆ ಕಿರುಚಿತು! ಎಲೆಗಳು ಅಂಗಾತ ಬಿದ್ದವು: ಒಂಬತ್ತರ ಜೋಡಿ. ಅಯ್ಯೋ ಶಿವನೇ, ನನ್ನದಕ್ಕಿಂತ ದೊಡ್ಡ ಕೈ! ಅವನೇ ಮೊದಲು ಹೊಟ್ಟೆ ಹಿಡಿದು ನಕ್ಕ.

ನಾನು ಕೂಸಿನ ಕಿವಿಯಲ್ಲಿ ಹೆಸರು ಉಸುರಿದೆ. ಹೆಂಗಸರು ಪದ್ಧತಿಯಂತೆ ಬೆನ್ನಿಗೆ ಗುದ್ದಿದ ರಭಸಕ್ಕೆ ತೊಟ್ಟಿಲ ಆಚೆ ಹಾರಿ ಬಿದ್ದೆ. ಇಂಥ ಖುಷಿ ನಾನು ಕಂಡಿರಲಿಲ್ಲ.

ಆ ಹೆಸರು ನಿನ್ನದು. ಹಳೇ ಕಾಲದ್ದೆಂದು ನಾಚಿ, ಹಾಸ್ಟೆಲ್ಲಿನಲ್ಲಿ ನೀನು ಬೇರೆ ಹೆಸರು ಹೇಳಿಕೊಳ್ಳುತ್ತಿದ್ದೆ ಎಂದು ನಮ್ಮ ಮನೆಯವರು ಇಂದಿಗೂ ಆಡಿಕೊಂಡು ನಗುತ್ತಾರೆ. ಇನ್ನು ಸಾಕು. ನಾಳೆ ಯಾರಾದರೂ ಕೇಳಿದರೆ ಜೋರಾಗಿ ಹೇಳು, ಬಂಗಾರೆವ್ವಾ.

ನಿನ್ನ ಕುಲದ,
ಗೌರವ್ವ