ಕಿಟಕಿಯಲ್ಲಿದ್ದ ಲೋಟ

ಅಮ್ಮಾ,

ನೀನು ತೀರಿಹೋದಮೇಲೆ ಬರೆಯುತ್ತಿರುವ ಕಾಗದ ಇದು, ನೀನು ಓದಲಾರೆ. ಆದರೂ ಹೇಳದಿದ್ದರೆ ನನಗೆ ನಿದ್ದೆ ಹತ್ತದು.

ಇವತ್ತು ಸಮುದಾಯ ಭವನದಲ್ಲಿ ವರ್ಣಭೇದದ ಬಗ್ಗೆ ಮಾತುಕತೆ ಇತ್ತು. ನೀನು ಕೆಲಸಕ್ಕಿದ್ದ ಲಾಂಡ್ರಿಯ ಯಜಮಾನಿಯೂ ಬಂದಿದ್ದಳು. ಅಲ್ಲಿನ ನಿಯಮ ಹೀಗೆ: ಒಂದು ವಸ್ತು ಕೈಯಿಂದ ಕೈಗೆ ಹೋಗುತ್ತದೆ. ಹಿಡಿದವರು ಮಾತಾಡಬೇಕು, ಉಳಿದವರು ಮರ್ಯಾದೆಯಿಂದ ಕೇಳಬೇಕು. ವಸ್ತು ತರುವ ಕೆಲಸ ನಾನೇ ವಹಿಸಿಕೊಂಡಿದ್ದೆ. ನಿನ್ನ ಮೈಬಣ್ಣ ನೋಡಿ ಅವಳು ನಿನ್ನ ನೀರಿಗೆಂದು ಕಿಟಕಿಯಲ್ಲಿ ಬೇರೆ ಇಡಿಸಿದ್ದ ನೆಗ್ಗಿದ ಲೋಟವನ್ನೇ ಒಯ್ದೆ.

"ನಾನಂತೂ ಯಾರಿಗೂ ಭೇದ ಮಾಡ್ದೋಳಲ್ಲ," ಎನ್ನುತ್ತಲೇ ಯಜಮಾನಿ ಕೈ ಚಾಚಿದಳು. ಕೈಗೆ ಬಂದದ್ದು ಆ ಲೋಟವೆಂದು ಗುರುತಿಸಿದ್ದೇ ನನ್ನ ಕಡೆ ತಿರುಗಿದಳು.

"ಇದನ್ನ ತಗೊಂಡ್ಬಿಡಮ್ಮ," ಎಂದಳು ನನಗೆ.

"ನಿಧಾನಕ್ಕೆ ಮಾತಾಡಿ ಮೇಡಂ. ನಾವ್ಯಾರೂ ಮಧ್ಯೆ ಬಾಯಿ ಹಾಕಲ್ಲ."

ಅವಳು ಲೋಟವನ್ನು ನನ್ನತ್ತ ಚಾಚಿದಳು. ನೀನಾಗಿದ್ದರೆ, ಪಾಪ ಎಂದು ಇಸಿದುಕೊಳ್ಳುತ್ತಿದ್ದೆ. ನಾನು ಕೈಕಟ್ಟಿ ಕೂತು, ಬಹಳ ಮರ್ಯಾದೆಯಿಂದ ಕಾದೆ.